ಕಾಲೇಜಿನ ಮೊದಲ ಪ್ರೋಗ್ರಾಮಿಂಗ್ ಕೋರ್ಸ್: ತಗೊಳ್ಳೋದಾ, ಬೇರೆ ದಾರಿ ಹಿಡಿಯೋದಾ?

ಪಿಯುಸಿ ರಿಸಲ್ಟ್ ಬಂದು ಡಿಗ್ರಿ ಅಡ್ಮಿಷನ್ ಶುರುವಾದರೆ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಹಾಗಾಗಿ ನೆಂಟರು, ಪಕ್ಕದ ಬೀದಿಯವರು, ಹಳೆಯ ವಿದ್ಯಾರ್ಥಿಗಳ ತಮ್ಮ ತಂಗಿಯರು, ಎಲ್ಲರ ಪ್ರಶ್ನೆಯೂ ಒಂದೇ. "ಮೇಡಂ, ಪ್ರೋಗ್ರಾಮಿಂಗ್ ತಗೊಳ್ಳಲಾ? ನನಗೆ ಆಗುತ್ತಾ?"

ಮಾರ್ಕ್ಸ್ ಕಾರ್ಡ್ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಗಣಿತದಲ್ಲಿ 95 ತೆಗೆದವರು ಲ್ಯಾಬ್‌ನಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ಕಾಮರ್ಸ್ ಓದಿ, ಕೀಬೋರ್ಡ್ ಮೇಲೆ ಅಕ್ಷರ ಹುಡುಕುತ್ತಾ ಬಂದವರು ಮೂರನೇ ತಿಂಗಳಿಗೆ ಪಕ್ಕದವರಿಗೆ ಹೇಳಿಕೊಡುವುದನ್ನೂ ನೋಡಿದ್ದೇನೆ. ಅದಕ್ಕೇ ಯಾರಾದರೂ ಕೇಳಿದರೆ, ಕಾಲೇಜಿನ ಹೆಸರು, ಫೀಸು, ಸಿಲಬಸ್ ಎಲ್ಲ ಆಮೇಲೆ, ಮೊದಲು ಒಂದು ಹಾಳೆ, ಒಂದು ಪೆನ್ನು ತಗೊಂಡು ಕೂತುಕೊಳ್ಳಿ ಅನ್ನುತ್ತೇನೆ.

ಮೊದಲು ಒಂದು ಆಟೋ ಬಾಡಿಗೆ ಲೆಕ್ಕ

ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಆಟೋ ಮೀಟರ್ ದರ ಹೀಗಿದೆ. ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ. ಆಮೇಲೆ ಪ್ರತಿ ಕಿಲೋಮೀಟರ್‌ಗೆ 18. ರಾತ್ರಿ 10ರಿಂದ ಬೆಳಗಿನ ಜಾವ 5ರವರೆಗೆ ಒಂದೂವರೆ ಪಟ್ಟು. ದೂರ ಎಷ್ಟು, ಗಂಟೆ ಎಷ್ಟು ಅಂತ ಹೇಳಿದರೆ ಬಾಡಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕುವ ಹಂತಗಳನ್ನು ಕನ್ನಡದಲ್ಲೇ ಬರೆಯಿರಿ. ಊರಿಗೆ ಹೊಸದಾಗಿ ಬಂದ, ಏನೂ ಗೊತ್ತಿಲ್ಲದ ಹುಡುಗನಿಗೆ ಚೀಟಿ ಬರೆದುಕೊಟ್ಟ ಹಾಗೆ. ಅವನು ತನ್ನ ತಲೆ ಓಡಿಸಬಾರದು, ಚೀಟಿಯಲ್ಲಿ ಇದ್ದಷ್ಟನ್ನೇ ಮಾಡಬೇಕು.

ಸಾಮಾನ್ಯವಾಗಿ ಎಲ್ಲರೂ ಬರೆಯುವುದು ಹೀಗೆ: ದೂರದಲ್ಲಿ 2 ಕಳೆ, ಉಳಿದದ್ದನ್ನು 18ರಿಂದ ಗುಣಿಸು, 36 ಕೂಡು, ರಾತ್ರಿ ಆಗಿದ್ದರೆ ಒಂದೂವರೆಯಿಂದ ಗುಣಿಸು. 7 ಕಿಲೋಮೀಟರ್ ಹಾಕಿ ನೋಡಿದರೆ 5 ಸಲ 18 ಅಂದರೆ 90, ಅದಕ್ಕೆ 36 ಸೇರಿ 126. ಸರಿ. ಅದೇ ದೂರ ರಾತ್ರಿ 11ಕ್ಕೆ 189. ಅದೂ ಸರಿ. ಈಗ 1 ಕಿಲೋಮೀಟರ್ ಹಾಕಿ. ಒಂದರಲ್ಲಿ ಎರಡು ಕಳೆದರೆ ಮೈನಸ್ 1. ಅದನ್ನು 18ರಿಂದ ಗುಣಿಸಿದರೆ ಮೈನಸ್ 18. 36 ಕೂಡಿದರೆ 18 ರೂಪಾಯಿ. ಮೀಟರ್‌ನಲ್ಲಿ ಕನಿಷ್ಠ 36 ಇರಬೇಕು, ನಿಮ್ಮ ಚೀಟಿ 18 ಅನ್ನುತ್ತಿದೆ.

ಈ ಒಂದು ಕ್ಷಣಕ್ಕಾಗಿಯೇ ನಾನು ಈ ಲೆಕ್ಕ ಕೊಡುವುದು. ಆಗ ನಿಮಗೆ ಏನನ್ನಿಸುತ್ತದೆ ಅಂತ ನೋಡಿಕೊಳ್ಳಿ. ಕೆಲವರು ಹಾಳೆ ಪಕ್ಕಕ್ಕೆ ತಳ್ಳುತ್ತಾರೆ. ಕೆಲವರು "ಅಯ್ಯೋ, ಹೌದಲ್ವಾ" ಅಂತ ಹಾಳೆಯನ್ನು ಮತ್ತೆ ಹತ್ತಿರ ಎಳೆದುಕೊಳ್ಳುತ್ತಾರೆ. ಮೊದಲ ಸಾಲಿನ ಮೇಲೆ ಇನ್ನೊಂದು ಸಾಲು ತೂರಿಸುತ್ತಾರೆ: ದೂರ 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸೀದಾ 36. ಸ್ವಲ್ಪ ಹೊತ್ತಿಗೆ ಅವರೇ ಕೇಳುತ್ತಾರೆ, "ಮೇಡಂ, 9:50ಕ್ಕೆ ಹತ್ತಿ 10:15ಕ್ಕೆ ಇಳಿದರೆ ರಾತ್ರಿ ದರ ಯಾವುದಕ್ಕೆ?" ಈ ಪ್ರಶ್ನೆ ತಾನಾಗೇ ಬಂತು ಅಂದರೆ ಕೋರ್ಸ್‌ಗೆ ಹೆದರುವ ಅಗತ್ಯ ಇಲ್ಲ. ಪ್ರೋಗ್ರಾಮಿಂಗ್ ಅಂದರೆ ದಿನವೂ ಇದೇ ಕೆಲಸ. ಸಿ, ಜಾವಾ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗಳೆಲ್ಲ ಆ ಚೀಟಿಯನ್ನು ಬರೆಯುವ ಲಿಪಿ ಅಷ್ಟೇ.

ಒಂದೇ ಲೆಕ್ಕದಿಂದ ತೀರ್ಮಾನಕ್ಕೆ ಬರಬೇಡಿ. ಮೂರು ಸಂಜೆ ಕೂತು ನೋಡಿ. ಎರಡನೇ ದಿನ ಅಧಿಕ ವರ್ಷದ ಲೆಕ್ಕ ತಗೊಳ್ಳಿ. 4ರಿಂದ ಭಾಗವಾದರೆ ಅಧಿಕ ವರ್ಷ, ಆದರೆ 100ರಿಂದ ಭಾಗವಾದರೆ ಅಲ್ಲ, ಆದರೂ 400ರಿಂದ ಭಾಗವಾದರೆ ಹೌದು. ಅದಕ್ಕೇ 1900 ಅಧಿಕ ವರ್ಷ ಅಲ್ಲ, 2000 ಹೌದು. ಇದನ್ನು ಗೊಂದಲ ಇಲ್ಲದ ಹಾಗೆ ಚೀಟಿಯಲ್ಲಿ ಬರೆಯುವುದು ಸುಲಭ ಅಲ್ಲ. ಮೂರನೇ ದಿನ ಮಿಕ್ಸ್ ಆಗಿರುವ ಇಸ್ಪೀಟ್ ಎಲೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಕೈ ಏನು ಮಾಡಿತು ಅಂತ ಬರೆಯಿರಿ. ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಡಿಗ್ರಿಯಲ್ಲೂ ಮೊದಲು ಕಂಪ್ಯುಟೇಷನಲ್ ಥಿಂಕಿಂಗ್ ಅನ್ನುವ ವಿಷಯ ಬರುತ್ತದೆ. ಅಲ್ಲೂ ಕಾರ್ಡ್‌ಗಳನ್ನು ಇಟ್ಟುಕೊಂಡೇ ಯೋಚನೆ ಮಾಡುವುದನ್ನು ಕಲಿಸುತ್ತಾರೆ. ಪೈಥಾನ್ ಬರುವುದು ಆಮೇಲೆ.

ಕಾಲೇಜಿನ ಕೋರ್ಸ್‌ನಲ್ಲಿ ನಿಜವಾಗಿ ಸಿಗುವುದೇನು?

ಸಿಲಬಸ್ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ವೇರಿಯಬಲ್ (ಬೆಲೆ ಇಟ್ಟುಕೊಳ್ಳಲು ಕೊಡುವ ಹೆಸರು), ಇಫ್-ಎಲ್ಸ್, ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು), ಅರೇ, ಫಂಕ್ಷನ್, ಸ್ಟ್ರಿಂಗ್. ಸಿ ಆಗಿದ್ದರೆ ಕೊನೆಗೆ ಪಾಯಿಂಟರ್, ಸ್ಟ್ರಕ್ಚರ್, ಫೈಲ್. ಇಷ್ಟು ವಿಷಯ ಇಂಟರ್ನೆಟ್‌ನಲ್ಲಿ ಫ್ರೀಯಾಗಿ ಸಿಗುತ್ತದೆ. ಹಾಗಿದ್ದರೆ ಕಾಲೇಜಿಗೆ ಯಾಕೆ ಬರಬೇಕು?

ಎರಡು ವರ್ಷದ ಹಿಂದಿನ ಒಂದು ಲ್ಯಾಬ್ ನೆನಪಾಗುತ್ತದೆ. ಮಾಗಡಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಅರ್ಧ ಗಂಟೆಯಿಂದ ಒಂದೇ ಪ್ರೋಗ್ರಾಂ ಮುಂದೆ ಕೂತಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು. "14ನೇ ಸಾಲಿನಲ್ಲಿ ಎರರ್ ಅಂತ ಬರ್ತಿದೆ ಮೇಡಂ. ಆ ಸಾಲು ಹತ್ತು ಸಲ ಓದಿದೆ. ಅಲ್ಲಿ ಏನೂ ತಪ್ಪಿಲ್ಲ." ನಾನು ಉತ್ತರ ಹೇಳಲಿಲ್ಲ. "ಅದರ ಮೇಲಿನ ಸಾಲನ್ನು ಜೋರಾಗಿ ಓದಮ್ಮಾ" ಅಂದೆ. ಓದಿದಳು. ಕೊನೆಗೆ ಬಂದು ನಿಂತಳು. 13ನೇ ಸಾಲಿನ ಕೊನೆಯಲ್ಲಿ ಸೆಮಿಕೋಲನ್ (;) ಇರಲಿಲ್ಲ. ಸಾಲು ಮುಗಿಯಿತು ಅಂತ ಕಂಪೈಲರ್‌ಗೆ, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಬದಲಿಸುವ ಸಾಫ್ಟ್‌ವೇರಿಗೆ, ಗೊತ್ತಾಗುವುದು ಸೆಮಿಕೋಲನ್‌ನಿಂದ. ಅದು ಸಿಗದೆ ಮುಂದಿನ ಸಾಲಿಗೆ ಹೋಗಿ, ಅಲ್ಲಿ ಅದು ಗಲಿಬಿಲಿಗೊಳ್ಳುತ್ತದೆ. ಅದಕ್ಕೇ 14 ಅನ್ನುತ್ತದೆ. ಆ ದಿನದ ಮೇಲೆ ಆ ಹುಡುಗಿ ಎರರ್ ಬಂದರೆ ಹೆದರಲಿಲ್ಲ. ಮೇಲಿನ ಸಾಲಿನಿಂದ ಹುಡುಕುತ್ತಿದ್ದಳು.

ಒಳ್ಳೆಯ ಲ್ಯಾಬ್‌ನಲ್ಲಿ ಸಿಗುವುದು ಇದು. ನಿಮ್ಮ ತಪ್ಪನ್ನು ನಿಮ್ಮ ಪಕ್ಕ ನಿಂತು ನೋಡುವವರು ಒಬ್ಬರು. ವಿಡಿಯೋ ನಿಮ್ಮ ಸ್ಕ್ರೀನ್ ನೋಡುವುದಿಲ್ಲ. ನನ್ನ ಮಟ್ಟಿಗೆ ಯಾವ ಕೋರ್ಸ್ ಒಳ್ಳೆಯದು ಅಂತ ಅಳೆಯುವ ಅಳತೆಗೋಲು ಇದೊಂದೇ: ನಾನು ಬರೆದ ತಪ್ಪು ಪ್ರೋಗ್ರಾಂ ಅನ್ನು ಅಲ್ಲಿ ಯಾರು ಓದುತ್ತಾರೆ?

ಎಲ್ಲ ಕಾಲೇಜಿನಲ್ಲೂ ಹೀಗಿರುತ್ತದೆ ಅಂತ ಹೇಳಲಾರೆ. ಪ್ರೋಗ್ರಾಂ ಪಟ್ಟಿಯನ್ನು ಬಾಯಿಪಾಠ ಮಾಡಿಸಿ, ರೆಕಾರ್ಡ್‌ನಲ್ಲಿ ಬರೆಸಿ, ಸೈನ್ ಹಾಕಿ ಮುಗಿಸುವ ಕಡೆಯೂ ಇದೆ. ಅಂಥ ಕಡೆಯಿಂದ ಬಂದ ಹುಡುಗರು ಪ್ರೋಗ್ರಾಂ ಪೂರ್ತಿ ಒಂದೇ ಉಸಿರಿಗೆ ಟೈಪ್ ಮಾಡುತ್ತಾರೆ. ಒಂದು ಬ್ರಾಕೆಟ್ ತಪ್ಪಿದರೆ ಅಲ್ಲಿಗೇ ನಿಲ್ಲುತ್ತಾರೆ. ಸಂಕಟ ಆಗುತ್ತದೆ, ಯಾಕೆಂದರೆ ಅವರು ಪಟ್ಟ ಕಷ್ಟ ಕಡಿಮೆ ಏನಲ್ಲ.

ಹಾಗಾಗಿ ಸೇರುವ ಮುಂಚೆ ಪ್ರಿನ್ಸಿಪಾಲರನ್ನು ಕೇಳುವುದಕ್ಕಿಂತ ಕ್ಯಾಂಟೀನಿನಲ್ಲಿ ಕೂತಿರುವ ಸೆಕೆಂಡ್ ಇಯರ್ ಹುಡುಗರನ್ನು ಕೇಳಿ. ಲ್ಯಾಬ್‌ನಲ್ಲಿ ಒಬ್ಬರಿಗೆ ಒಂದು ಸಿಸ್ಟಮಾ, ಇಬ್ಬರಿಗೆ ಒಂದಾ? ಇಬ್ಬರಿಗೆ ಒಂದು ಅಂದರೆ ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ನೋಡುವವರು ಕಲಿಯುವುದಿಲ್ಲ. ಬಾಯಿಪಾಠ ಮಾಡಿದರೆ ಲ್ಯಾಬ್ ಎಕ್ಸಾಂ ಪಾಸಾಗಬಹುದಾ? "ಆರಾಮಾಗಿ" ಅಂತ ಉತ್ತರ ಬಂದರೆ ಅಲ್ಲಿ ಮಾರ್ಕ್ಸ್ ಸಿಗುತ್ತದೆ, ಕಲಿಕೆಗೆ ನೀವೇ ಬೇರೆ ದಾರಿ ಮಾಡಿಕೊಳ್ಳಬೇಕು. ಕ್ಲಾಸ್ ಇಲ್ಲದ ಹೊತ್ತಿನಲ್ಲಿ ಲ್ಯಾಬ್ ಬಾಗಿಲು ತೆಗೆದಿರುತ್ತಾ ಅಂತಲೂ ಕೇಳಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಇದು ತುಂಬಾ ಮುಖ್ಯ.

ಇಂಜಿನಿಯರಿಂಗ್ ಸೇರುವವರಿಗೆ ಈ ಆಯ್ಕೆ ಅಷ್ಟಾಗಿ ಇರುವುದಿಲ್ಲ. ಮೊದಲ ವರ್ಷದಲ್ಲೇ ಪ್ರೋಗ್ರಾಮಿಂಗ್ ಎದುರಾಗುತ್ತದೆ. ಬಿಸಿಎಗೂ ಅಷ್ಟೇ, ಅದು ಇಲ್ಲದೆ ಬಿಸಿಎನೇ ಇಲ್ಲ. ನಿಜವಾಗಿ ತೂಗಿ ನೋಡಬೇಕಾದವರು ಬಿಎಸ್ಸಿಯಲ್ಲಿ ಕಾಂಬಿನೇಷನ್ ಆರಿಸುವವರು, ಬಿಕಾಂ, ಬಿಎ ಓದುತ್ತಾ ಒಂದು ಇಲೆಕ್ಟಿವ್ ಆಗಿ ತಗೊಳ್ಳುವವರು.

ಸಿ ಮೊದಲಾ, ಪೈಥಾನ್ ಮೊದಲಾ?

ಸಿ ಭಾಷೆ 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚೀ ರೂಪಿಸಿದ್ದು. ಪೈಥಾನ್ ಅನ್ನು ಗೀಡೋ ವಾನ್ ರೋಸಮ್ 1991ರಲ್ಲಿ ಹೊರತಂದರು. ಎರಡರ ಸ್ವಭಾವ ಬೇರೆ. ಸಿಯಲ್ಲಿ 5 ಭಾಗ 2 ಅಂದರೆ 2. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಬಿದ್ದೇ ಹೋಗುತ್ತದೆ. ಪೈಥಾನ್ 3ರಲ್ಲಿ ಅದೇ ಲೆಕ್ಕಕ್ಕೆ 2.5 ಬರುತ್ತದೆ, ನೀವು ಅಂದುಕೊಂಡ ಹಾಗೆ.

ಟರ್ಬೋ ಸಿ ಅನ್ನುವ ಹಳೆಯ ಸಾಫ್ಟ್‌ವೇರಿನ ನೀಲಿ ಪರದೆ ಇನ್ನೂ ಬಳಸುವ ಲ್ಯಾಬ್‌ನಲ್ಲಿ 200 ಗುಣಿಸು 200 ಅಂತ ಪೂರ್ಣಾಂಕ ಇಡುವ ಇಂಟ್‌ನಲ್ಲಿ ಹಾಕಿ ನೋಡಿ. 40000 ಬರುವುದಿಲ್ಲ, ಮೈನಸ್ 25536 ಬರುತ್ತದೆ. ಅಲ್ಲಿ ಇಂಟ್‌ಗೆ ಇರುವುದು ಎರಡೇ ಬೈಟ್ ಜಾಗ, 32767 ದಾಟಿದರೆ ಸುತ್ತು ಹೊಡೆದು ಮೈನಸ್ ಕಡೆಯಿಂದ ಬರುತ್ತದೆ. ಪ್ರತಿ ವರ್ಷ ಇದನ್ನು ತೋರಿಸುತ್ತೇನೆ. ಕೆಲವರು "ಕಂಪ್ಯೂಟರೇ ತಪ್ಪು ಮಾಡ್ತಲ್ವಾ" ಅಂತ ಬೆರಗಾಗುತ್ತಾರೆ. ಯಂತ್ರದ ಒಳಗೆ ಏನಾಗುತ್ತದೆ ಅನ್ನುವ ಕುತೂಹಲ ಇರುವವರಿಗೆ ಸಿ ಒಳ್ಳೆಯ ಮೇಷ್ಟ್ರು. ಬಯಾಲಜಿ, ಎಕನಾಮಿಕ್ಸ್, ಅಕೌಂಟ್ಸ್ ಓದುತ್ತಾ ತಮ್ಮ ವಿಷಯದ ಅಂಕಿಅಂಶಗಳಿಗೆ ಪ್ರೋಗ್ರಾಮಿಂಗ್ ಬೇಕು ಅನ್ನುವವರು ಪೈಥಾನ್ ಇರುವ ಕೋರ್ಸ್ ನೋಡಿ. ಎರಡೂ ಆಗುತ್ತೆ ಅನ್ನುವವರು ಭಾಷೆ ಬಿಟ್ಟು, ಯಾವ ಲ್ಯಾಬ್‌ನಲ್ಲಿ ಮೇಷ್ಟ್ರು ಓಡಾಡುತ್ತಾ ಸ್ಕ್ರೀನ್ ನೋಡುತ್ತಾರೋ ಅಲ್ಲಿಗೆ ಹೋಗಿ.

ಕನ್ನಡ ಮೀಡಿಯಂ, ಗಣಿತ, ಲ್ಯಾಪ್‌ಟಾಪ್

ಈ ಮೂರು ಭಯದಿಂದಲೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಅದು ನನಗೆ ನಿಜವಾಗಲೂ ಬೇಜಾರು.

ಇಂಗ್ಲಿಷ್ ವಿಷಯಕ್ಕೆ ಬರೋಣ. ಸಿಯ ಮೊದಲ ಅಧಿಕೃತ ಮಾನದಂಡದಲ್ಲಿ ಕಲಿಯಬೇಕಾದ ಮೀಸಲು ಪದಗಳು, ಅಂದರೆ ಭಾಷೆಯೇ ತನಗಾಗಿ ಇಟ್ಟುಕೊಂಡ ಇಂಗ್ಲಿಷ್ ಪದಗಳು, 32. ಈಗಿನ ಪೈಥಾನ್‌ನಲ್ಲಿ 35. ಅಷ್ಟು ಪದ ಹದಿನೈದು ದಿನದಲ್ಲಿ ಕೈಗೆ ಹತ್ತುತ್ತವೆ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡ ಲಿಪಿಯಲ್ಲೇ 'ದೂರ', 'ಬಾಡಿಗೆ' ಅಂತ ಹೆಸರಿಡಬಹುದು, ಪ್ರೋಗ್ರಾಂ ಓಡುತ್ತದೆ. ಮೊದಲ ವಾರ ಹಾಗೆ ಬರೆಸಿದಾಗ ಕನ್ನಡ ಮೀಡಿಯಂ ಮಕ್ಕಳ ಭುಜ ಸಡಿಲವಾಗುವುದು ಕಾಣುತ್ತದೆ. ಕಷ್ಟ ಇರುವುದು ಬೇರೆ ಎರಡು ಕಡೆ: ಎರರ್ ಮೆಸೇಜ್ ಓದುವುದು ಮತ್ತು ಥಿಯರಿ ಪರೀಕ್ಷೆ ಬರೆಯುವುದು. ಪದೇ ಪದೇ ಬರುವ ಎರರ್‌ಗಳು ಹತ್ತು ಹನ್ನೆರಡು ಅಷ್ಟೇ. ಒಂದು ನೋಟ್‌ಬುಕ್‌ನಲ್ಲಿ ಎಡಗಡೆ ಎರರ್, ಬಲಗಡೆ ಅದರ ಅರ್ಥ ಕನ್ನಡದಲ್ಲಿ ಬರೆದುಕೊಳ್ಳಿ. ಡೌಟ್ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಹೇಳುವ ಮೇಷ್ಟ್ರು ಇದ್ದಾರಾ ಅಂತ ವಿಚಾರಿಸಿ. ಬೆಂಗಳೂರಿನಲ್ಲಿ ಇದ್ದೇ ಇರುತ್ತಾರೆ ಅಂತ ಅಂದುಕೊಳ್ಳಬೇಡಿ, ಕೇಳಿಯೇ ತಿಳಿದುಕೊಳ್ಳಿ.

ಗಣಿತದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಮೊದಲ ಕೋರ್ಸ್‌ಗೆ ಕ್ಯಾಲ್ಕುಲಸ್ ಬೇಡ. ಕೂಡು, ಕಳೆ, ಭಾಗಿಸಿದಾಗ ಉಳಿಯುವ ಶೇಷ, ಶೇಕಡಾ, ಇಷ್ಟು ಬಂದರೆ ಸಾಕು.

ಲ್ಯಾಪ್‌ಟಾಪ್‌ಗೆ ಸಾಲ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅರವತ್ತು ಎಪ್ಪತ್ತು ಸಾವಿರದ್ದು ಇಲ್ಲದಿದ್ದರೆ ಕೋಡಿಂಗ್ ಆಗುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಮೊದಲ ವರ್ಷದ ಸಿ, ಪೈಥಾನ್ ಪ್ರೋಗ್ರಾಂಗಳು 4 ಜಿಬಿ ರ‍್ಯಾಮ್ ಇರುವ ಹಳೆಯ ಮೆಷಿನ್‌ನಲ್ಲಿ ಆರಾಮಾಗಿ ಓಡುತ್ತವೆ. ಗೂಗಲ್ ಕೊಲ್ಯಾಬ್‌ನಲ್ಲಿ ಬರೀ ಬ್ರೌಸರ್ ಇದ್ದರೂ ಪೈಥಾನ್ ಬರೆಯಬಹುದು.

ಇನ್ನುಳಿದ ದಾರಿಗಳು

ಎನ್‌ಪಿಟಿಇಎಲ್ ಕೋರ್ಸ್‌ಗಳಿಗೆ ನನ್ನ ಗೌರವ ದೊಡ್ಡದು. ಐಐಟಿಗಳು ಮತ್ತು ನಮ್ಮ ಐಐಎಸ್ಸಿ ಸೇರಿ ನಡೆಸುವ ಆನ್‌ಲೈನ್ ಕೋರ್ಸ್‌ಗಳಿವು. ಐಐಟಿ ರೋಪರ್‌ನ ಪ್ರೊ. ಸುದರ್ಶನ್ ಅಯ್ಯಂಗಾರ್ ಅವರ 'ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್' 12 ವಾರದ್ದು, ಏನೂ ಗೊತ್ತಿಲ್ಲದವರಿಗೆ ಅಂತಲೇ ಮಾಡಿದ್ದು. ಐಐಟಿ ಖರಗ್‌ಪುರದ ಪ್ರೊ. ಅನುಪಮ್ ಬಸು ಅವರ ಸಿ ಕೋರ್ಸ್ ಕೂಡ ಇದೆ. ಸೇರಲು ದುಡ್ಡು ಇಲ್ಲ. ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಫೀಸು ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅಸೈನ್‌ಮೆಂಟ್‌ಗೆ ಶೇ. 25, ಪರೀಕ್ಷೆಗೆ ಶೇ. 75 ಅಂಕ. ವಾರ ವಾರ ಅಸೈನ್‌ಮೆಂಟ್‌ಗೆ ಕೊನೆ ದಿನ ಇರುವುದರಿಂದ ಒಂದು ಶಿಸ್ತೂ ಬರುತ್ತದೆ. ಆದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ನಾಲ್ಕನೇ ವಾರ ಲೂಪ್ ಒಳಗೆ ಲೂಪ್ ಬಂದಾಗ ಒಬ್ಬರೇ ಕೂತವರು ಬಿಟ್ಟುಬಿಡುತ್ತಾರೆ. ಇಬ್ಬರು ಗೆಳೆಯರು ಸೇರಿ ಮಾಡಿ. ಭಾನುವಾರ ಒಬ್ಬರ ಪ್ರೋಗ್ರಾಂ ಇನ್ನೊಬ್ಬರು ಓದಿ. ಕಾಲೇಜಿನ ಲ್ಯಾಬ್ ಕೊಡುವುದರಲ್ಲಿ ಅರ್ಧ ಅಲ್ಲೇ ಸಿಗುತ್ತದೆ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಶಿಫ್ಟ್ ಕೆಲಸ ಮಾಡುವವರಿಗೆ ನಾನು ಹೇಳುವುದು ಈ ದಾರಿಯನ್ನೇ.

ಇನ್‌ಸ್ಟಿಟ್ಯೂಟ್‌ಗಳ ವಿಷಯದಲ್ಲಿ ಎಚ್ಚರ ಇರಲಿ. ಬಿಟಿಎಂ, ಮಾರತ್ತಹಳ್ಳಿ, ಬಸವನಗುಡಿ, ರಾಜಾಜಿನಗರ, ಎಲ್ಲಿ ನೋಡಿದರೂ ಬೋರ್ಡು. ಚೆನ್ನಾಗಿ ಕಲಿಸುವವರೂ ಇದ್ದಾರೆ. ಆದರೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಕಡೆ ಪೂರ್ತಿ ಫೀಸು ಮೊದಲೇ ಕಟ್ಟಿದ. ಎರಡನೇ ವಾರಕ್ಕೆ ಟ್ರೈನರ್ ಬದಲಾದರು. ಐದನೇ ವಾರದಿಂದ ಬರೀ ರೆಕಾರ್ಡ್ ಮಾಡಿದ ವಿಡಿಯೋ. ದುಡ್ಡು ವಾಪಸ್ ಬರಲಿಲ್ಲ, ಅದು ಅವನ ತಾಯಿ ಚೀಟಿ ಎತ್ತಿ ಕೊಟ್ಟ ದುಡ್ಡು. ಒಂದು ಪೂರ್ತಿ ಕ್ಲಾಸ್ ಕೂತು ನೋಡದೆ ಕಟ್ಟಬೇಡಿ. ಕಂತಿನಲ್ಲಿ ಕಟ್ಟಿ. ವಾಪಸ್ ಕೊಡುವ ಮಾತು ಕಾಗದದ ಮೇಲೆ ಇರಲಿ. ಕೆಲಸ ಗ್ಯಾರಂಟಿ ಅಂತ ಹೇಳಿದರೆ ಎದ್ದು ಬನ್ನಿ, ಯಾಕೆಂದರೆ ಕೆಲಸ ಕೊಡುವುದು ಬೇರೆ ಕಂಪನಿಯವರು. ಒಂದು ಮಾತು ನಿಜ, ಡಿಗ್ರಿ ಮುಗಿಸಿ, ಬೇಸಿಕ್ ಬಂದು, ಆರು ತಿಂಗಳು ಒಂದು ವಿಷಯದಲ್ಲಿ ಕೈ ಪಳಗಿಸಬೇಕು ಅನ್ನುವವರಿಗೆ ಇನ್‌ಸ್ಟಿಟ್ಯೂಟ್ ಉಪಯೋಗಕ್ಕೆ ಬರುತ್ತದೆ. ಮೊದಲ ಹೆಜ್ಜೆಗೆ ಬೇಡ.

ಇನ್ನು, ಪ್ರೋಗ್ರಾಮಿಂಗ್ ಬೇಡವೇ ಬೇಡ ಅನ್ನುವುದೂ ಒಂದು ಸರಿಯಾದ ಆಯ್ಕೆ. ಆಡಿಟರ್ ಆಫೀಸಿಗೆ ಹೋಗಬೇಕು ಅಂತ ಇರುವ ಬಿಕಾಂ ಹುಡುಗನಿಗೆ ಟ್ಯಾಲಿ, ಎಕ್ಸೆಲ್ ಚೆನ್ನಾಗಿ ಬಂದರೆ ನಾಳೆಯೇ ಕೆಲಸಕ್ಕೆ ಬರುತ್ತದೆ. ಎಕ್ಸೆಲ್‌ನಲ್ಲಿ ಇಫ್ ಫಾರ್ಮುಲಾ ಬರೆದು ಆಟೋ ಬಾಡಿಗೆ ಲೆಕ್ಕ ಮಾಡಬಹುದು. ಅದನ್ನು ಮಾಡುತ್ತಾ ಇನ್ನೂ ಬೇಕು ಅನ್ನಿಸಿದರೆ ಆಗ ಪೈಥಾನ್ ಕಡೆ ಬಂದರಾಯಿತು. ಅಪ್ಪ ಅಮ್ಮ ಹೇಳಿದರು, ಎದುರು ಮನೆಯವರ ಮಗ ವೈಟ್‌ಫೀಲ್ಡ್‌ನಲ್ಲಿ ಚೆನ್ನಾಗಿದ್ದಾನೆ ಅನ್ನುವ ಕಾರಣಕ್ಕೆ ತಗೊಂಡವರು ನನ್ನ ಲ್ಯಾಬ್‌ನಲ್ಲಿ ಎರಡು ಗಂಟೆ ಗಡಿಯಾರ ನೋಡುತ್ತಾ ಕೂರುವುದನ್ನು ನೋಡಲು ಆಗುವುದಿಲ್ಲ.

"ಈಗ ಎಐ ಎಲ್ಲ ಬರೆದುಕೊಡುತ್ತಲ್ಲ ಮೇಡಂ, ಯಾಕೆ ಕಲೀಬೇಕು?" ಅಂತ ಈಚೆಗೆ ಎಲ್ಲರೂ ಕೇಳುತ್ತಾರೆ. ಬರೆದುಕೊಡುತ್ತದೆ, ಹೌದು. 1 ಕಿಲೋಮೀಟರ್‌ಗೆ 18 ರೂಪಾಯಿ ಅಂತ ಅದು ಕೊಟ್ಟರೆ, ತಪ್ಪು ಅಂತ ನಿಮಗೆ ಗೊತ್ತಾಗಬೇಕಲ್ವಾ? ಯಾವ ದೂರ, ಯಾವ ಗಂಟೆ ಹಾಕಿ ಪರೀಕ್ಷೆ ಮಾಡಬೇಕು ಅಂತ ಹೊಳೆಯಬೇಕಲ್ವಾ? ಮೊದಲ ಕೋರ್ಸ್ ಕಲಿಸುವುದು ಅದನ್ನು. ಮೊದಲ ಮೂರು ತಿಂಗಳು ಮಾತ್ರ ಎಐ ಹತ್ತಿರ ಪ್ರೋಗ್ರಾಂ ಬರೆಸಬೇಡಿ. ಎರರ್ ಅರ್ಥ ಕೇಳಿ, ಸಾಕು.

ಸೇರಿ ಆಗಿದೆ, ಕಷ್ಟ ಆಗ್ತಿದೆ ಅನ್ನುವವರಿಗೆ

ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿ ಬಂದವರು ಮೊದಲ ತಿಂಗಳು ಮುಂದೆ ಇರುತ್ತಾರೆ. ಅವರನ್ನು ನೋಡಿ ಎದೆಗುಂದಬೇಡಿ. ಅವರಿಗೆ ಗೊತ್ತಿರುವುದು ಮುಗಿದ ಮೇಲೆ ಅವರೂ ನಿಮ್ಮ ಜೊತೆಗೇ ಕೂತು ತಲೆ ಕೆರೆದುಕೊಳ್ಳುತ್ತಾರೆ.

ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಲೂಪ್ ಒಳಗಿನ ಲೂಪ್‌ನಲ್ಲಿ. ಅದು ಓದಿದರೆ ಅರ್ಥವಾಗುವುದಿಲ್ಲ, ಕೈಯಲ್ಲಿ ಓಡಿಸಬೇಕು. ನಕ್ಷತ್ರಗಳ ತ್ರಿಕೋನದ ಪ್ರೋಗ್ರಾಂ ತಗೊಳ್ಳಿ. ಹಾಳೆ ಮೇಲೆ ಎರಡು ಕಾಲಂ ಹಾಕಿ, ಒಂದು ಹೊರಗಿನ ಲೂಪ್, ಒಂದು ಒಳಗಿನದು. ಹೊರಗೆ 1 ಇದ್ದಾಗ ಒಳಗೆ 1. ಹೊರಗೆ 2 ಇದ್ದಾಗ ಒಳಗೆ 1, 2. ಹೊರಗೆ 3 ಇದ್ದಾಗ ಒಳಗೆ 1, 2, 3. ಒಳಗಿನ ಪ್ರತಿ ಅಂಕಿಗೆ ಒಂದು ನಕ್ಷತ್ರ ಹಾಕುತ್ತಾ ಹೋಗಿ. ಆರು ನಕ್ಷತ್ರ ಆಗುವ ಹೊತ್ತಿಗೆ ತ್ರಿಕೋನ ಯಾಕೆ ಬಂತು ಅಂತ ಬೆರಳಿಗೇ ಗೊತ್ತಾಗುತ್ತದೆ. ಹೀಗೆ ನಾಲ್ಕೈದು ಪ್ರೋಗ್ರಾಂ ಕೈಯಲ್ಲಿ ಓಡಿಸಿದ ಮೇಲೂ ಲ್ಯಾಬ್‌ಗೆ ಹೋಗುವ ದಿನ ಬೆಳಿಗ್ಗೆಯಿಂದಲೇ ಹೊಟ್ಟೆ ತೊಳಸುತ್ತಿದ್ದರೆ ಮೇಷ್ಟ್ರ ಹತ್ತಿರ ಸುಮ್ನೆ ಹೋಗಿ ಮಾತಾಡಿ, ಬೈಯುವುದಿಲ್ಲ. ಇಲೆಕ್ಟಿವ್ ಆಗಿದ್ದರೆ ಬದಲಿಸಲು ಅವಕಾಶ ಇರಬಹುದು. ಅದಕ್ಕೆ ಕೊನೆ ದಿನ ಯಾವುದು ಅಂತ ಮೊದಲ ವಾರವೇ ಆಫೀಸಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.